ಹಸಿರು ಕಂದು

"ಕೆಟ್ಟ ಹಣ್ಣೇ ಬೇಕೇನ್ರಿ ನಿಮಗ?"

ಹುಡುಗಿ ಹೀಗೆ ಕೇಳಿದಾಗ ಅಣವೀರಪ್ಪ ಮಾಸ್ತರನ ಕೈಯಲ್ಲಿ ಒಂದು ಬಾಳೆಹಣ್ಣಿತ್ತು. ಅರ್ಧ ಕೆಂಪು, ಅರ್ಧ ಹಸಿರು. ಯಾರೋ ಕುಂಚ ಹಿಡಿದು ನಟ್ಟನಡುವೆ ಗೆರೆ ಎಳೆದ ಹಾಗೆ.

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ನಬಿಸಾಬನ ಹಣ್ಣಿನ ಅಂಗಡಿ ಚಿಕ್ಕದು, ಕೂಗು ದೊಡ್ಡದು. "ಲಾಲ್ ಮೌಜ್! ಕಮಲಾಪುರ್ ಕಾ ಲಾಲ್ ಮೌಜ್!" ದಖನಿಯಲ್ಲಿ ಮೌಜ್ ಅಂದರೆ ಬಾಳೆಹಣ್ಣು. ಅದನ್ನು ಕೊಳ್ಳಲು ಕಿಸೆಯಲ್ಲೂ ಒಂದಿಷ್ಟು ಮೌಜು ಇರಬೇಕು, ಆ ಮಾತು ಬೇರೆ. ಅಂದು ಕಮಲಾಪುರದ ದೌಲಪ್ಪ ಬಂಡಿಯಿಂದ ಕೆಂಪು ಗೊನೆಗಳನ್ನು ಇಳಿಸುತ್ತಿದ್ದ. ಅವನ ಮಗಳು ನೀಲಗಂಗಾ ಚಿಪ್ಪು ಬಿಡಿಸಿ ಜೋಡಿಸುತ್ತ, ಬಣ್ಣಗೆಟ್ಟ ಹಣ್ಣನ್ನು ಎಮ್ಮೆಯ ಮೇವಿನ ಬುಟ್ಟಿಗೆ ಎಸೆಯುತ್ತಿದ್ದಳು. ಮಾಸ್ತರ ಕೈ ಹಾಕಿದ್ದು ಆ ಬುಟ್ಟಿಗೆ.

"ಕೆಟ್ಟಿಲ್ರಿ ಇದು. ಬದಲಾಗ್ಯಾದ."

"ಬದಲಾದ್ರ ಕೆಟ್ಟಂಗೇ ಅಲ್ರೀ? ನಮ್ಮ ಕಡಿ ಹಂಗ ಅಂತಾರ."

"ಯಾರು ಅಂತಾರ?"

"ಬದಲಾಗಲಾರದವ್ರು."

ಕಣ್ಣು ಕೆಳಗಿಟ್ಟೇ ಹೇಳಿದಳು. ಆಮೇಲೆ, ನಕ್ಕನೋ ಇಲ್ಲವೋ ನೋಡಲು ಕಣ್ಣು ಮೇಲೆತ್ತಿದಳು. ಅವನು ನಕ್ಕಿದ್ದ. ಸಿಕ್ಕಿಬಿದ್ದವಳು ಅವಳು.

"ಇದಕ್ಕ ಎಷ್ಟು ಕೊಡ್ಲಿ?"

"ಎಮ್ಮಿ ಎಷ್ಟು ಕೊಡ್ತದೋ ಅಷ್ಟ ಕೊಡ್ರಿ."

ನಬಿಸಾಬ ಸುಮ್ಮನಿರುವ ಜಾತಿಯಲ್ಲ. "ಎಮ್ಮಿ ಹಾಲು ಕೊಡ್ತದ, ಮಾಸ್ತರ್ ಸಾಬ್. ಆಪ್ ಕ್ಯಾ ದೇಂಗೆ?"

ಮಾಸ್ತರನ ಹತ್ತಿರ ಕೊಡಲು ಏನೂ ಇರಲಿಲ್ಲ. ಮುಂದೆ ತಿಳಿದ ಹಾಗೆ, ಆ ಕ್ಷಣ ಎಲ್ಲವನ್ನೂ ಕೊಟ್ಟುಬಿಟ್ಟಿದ್ದ.

ಪೊಲೀಸ್ ಆ್ಯಕ್ಷನ್ ಮುಗಿದು ಮೂರು ವರ್ಷವಾಗಿತ್ತು. ಹೆಸರಿಗೆ ಪೊಲೀಸು, ಬಂದದ್ದು ದಂಡು. ನಿಜಾಮರ ಕಾಲದಲ್ಲಿ ಹೈದರಾಬಾದಿಗೆ ಹೋಗಿ ಉರ್ದುವಿನಲ್ಲಿ ಜೀವಶಾಸ್ತ್ರ ಓದಿ ಬಂದ ಅಣವೀರಪ್ಪ ಈಗ ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ಅದನ್ನೇ ಕನ್ನಡದಲ್ಲಿ ಕಲಿಸಬೇಕಿತ್ತು. ಅವನಿಗೆ ವಿಜ್ಞಾನ ಗೊತ್ತಿತ್ತು, ಕನ್ನಡ ಗೊತ್ತಿತ್ತು. ಅವೆರಡಕ್ಕೆ ಮಾತ್ರ ಒಂದಕ್ಕೊಂದರ ಪರಿಚಯವಿರಲಿಲ್ಲ.

ಬಾಳೆಯ ಅಭ್ಯಾಸ ಮಾಡಬೇಕೆಂಬ ನೆಪದಲ್ಲಿ ಅವನು ಭಾನುವಾರದ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗತೊಡಗಿದ. ಓದಿದವನೊಬ್ಬ ತನ್ನ ತೋಟ ನೋಡಲು ಬರುತ್ತಾನೆಂದು ದೌಲಪ್ಪನಿಗೆ ಹಿಗ್ಗು. ಮಾಸ್ತರ ತೋಟದಲ್ಲಿ ಏನು ನೋಡುತ್ತಾನೆಂದು ಅವನು ನೋಡಲಿಲ್ಲ.

"ನಮ್ಮ ಮುತ್ಯಾ ಹಚ್ಚಿದ ಒಂದ ಗಿಡದ ಸಂತಾನ ಇದು, ಮಾಸ್ತರ," ಎಂದು ದೌಲಪ್ಪ ಕೈ ಬೀಸಿ ತೋರಿಸುತ್ತಿದ್ದ. "ಒಂದರಂಗ ಒಂದು. ಹೊರಗಿನ ಗಿಡ ತಂದಿಲ್ಲ. ಹೊರಗಿನ ಸೊಸಿ ತಂದಿಲ್ಲ. ಹೊರಗ ಮಗಳನ್ನ ಕೊಟ್ಟಿಲ್ಲ."

ಆ ತೋಟದ ಮೇಲೆ ಅವನಿಗೆ ಭಕ್ತಿಯೂ ಇತ್ತು. ರಜಾಕಾರರ ಹಾವಳಿಯಲ್ಲಿ ದೌಲಪ್ಪನ ಮನೆಯವರು ಈ ಬಾಳೆಯ ನಡುವೆ ಅಡಗಿದ್ದರು. ದಂಡು ಬಂದು ಗಾಳಿ ತಿರುಗಿದ ಮೇಲೆ ನಬಿಸಾಬನ ಮನೆಯವರು ಅಡಗಿದ್ದರು. ಅಡಗಿದವರು ಬದಲಾದರು, ಅಡಗಿಸಿದ ಬಾಳೆ ಅದೇ. ಎಲೆಗೆ ಧರ್ಮ ಗೊತ್ತಿರಲಿಲ್ಲ. ಅಗಲ ಗೊತ್ತಿತ್ತು.

ನೀಲಗಂಗಾ ಕಾಲುವೆಯ ದಂಡೆಯಲ್ಲಿ ಕೂತು ಪಾಠ ಕೇಳುತ್ತಿದ್ದಳು. ಮೊಳದಷ್ಟು ದೂರ ಅಕ್ಕ ಲಲಿತಾಬಾಯಿ. ಲಲಿತಾಬಾಯಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಕಾವಲಿಗೆಂದು ಅವ್ವ ಕೂರಿಸಿದ ಕಾವಲುಗಾರ್ತಿ. ಕೇಳದಿದ್ದರೂ ಎಲ್ಲ ತಿಳಿಯುವವಳು.

"ಬಾಳಿಹಣ್ಣಿನಾಗ ಬೀಜ ಇಲ್ಲ," ಎಂದ ಅಣವೀರಪ್ಪ. "ತಾಯಿ ಬುಡದಾಗ ಕಂದು ಏಳ್ತದ. ತಾಯಿ ಹ್ಯಾಂಗೋ ಕಂದು ಹಂಗ. ಆದ್ರ ಒಮ್ಮೊಮ್ಮೆ, ನಕಲು ಮಾಡೋವಾಗ ಒಂದಕ್ಷರ ತಪ್ಪಿದಂಗ, ಒಳಗ ಏನೋ ತಪ್ಪತದ. ಕೆಂಪು ತಾಯಿಗೆ ಹಸಿರು ಮಗಳು ಹುಟ್ಟತಾಳ."

"ತಪ್ಪು ಯಾರದು?"

"ಯಾರದೂ ಅಲ್ಲ. ಸುಮ್ಮ ಆಗ್ತದ."

"ಮತ್ತ ಅದು ಒಳ್ಳೇದೋ ಕೆಟ್ಟದ್ದೋ ಹೇಳೋರು ಯಾರು? ನಮ್ಮಪ್ಪ?"

"ಮಣ್ಣು. ಮಳಿ. ಬ್ಯಾನಿ. ಈ ಮಣ್ಣಾಗ ಕೆಟ್ಟದ್ದು, ಇನ್ನೊಂದು ಮಣ್ಣಾಗ ಅದೇ ಬಂಗಾರ ಆಗಬೌದು. ತಾಳಿಕೊಂಡಿದ್ದು ಉಳಿದು ಮರಿ ಹಾಕ್ತದ, ತಾಳದ್ದು ಹೋಗ್ತದ. ಹಿಂಗ ಹೋಗಿ ಹೋಗಿ ಜೀವದ ರೂಪಾನೇ ಬದಲಾಗ್ತದ. ಇದಕ್ಕ ನಾವು ಫಿತ್ರೀ ಇಂತಿಖಾಬ್ ಅಂತ ಓದೀವಿ."

"ಇಂತಿಖಾಬ್ ಅಂದ್ರ ಈಗ ಬರ್ಲಾಕತ್ತದಲ್ಲ, ಚುನಾವಣಿ?"

"ಅದೇ ಶಬ್ದ. ಇಲ್ಲಿ ಓಟು ಹಾಕೋದು ನಿಸರ್ಗ."

ಅವಳು ತೋಟದ ಉದ್ದಗಲ ನೋಡಿದಳು. "ನಮ್ಮ ತ್ವಾಟದಾಗ ಎಲ್ಲಾ ಒಂದೇ ನಮೂನಿ ಅವಲ್ರೀ. ಒಬ್ಬನೇ ನಿಂತ್ರ ಆರಸೋದು ಯಾರನ್ನ?"

ಅಣವೀರಪ್ಪ ತನ್ನ ಇಡೀ ತರಗತಿಯಿಂದ ಇಂಥ ಪ್ರಶ್ನೆ ಕೇಳಿರಲಿಲ್ಲ. "ಅವಿರೋಧ ಆಯ್ಕಿ," ಎಂದ. "ಇಲ್ಲಾ ಅವಿರೋಧ ಸೋಲು."

"ಬ್ಯಾನಿ ಬಂತಂತ ಗಿಡ ಬದಲಾಗ್ತದೇನ್ರಿ?"

"ಇಲ್ಲ. ಬದಲಾಗಿದ್ದು ಮೊದಲೇ ಒಳಗ ಇರ್ತದ. ಬ್ಯಾನಿ ಬಂದ ಮ್ಯಾಲ ಗೊತ್ತಾಗ್ತದ, ಅಷ್ಟ."

ಅವಳು ಹುಲ್ಲಿನ ಕಡ್ಡಿ ಮುರಿದಳು. ಮುರಿದದ್ದನ್ನು ಮತ್ತೆ ಮುರಿದಳು. "ಹಂಗಾದ್ರ ನಾನೂ ಮೊದಲೇ ಬದಲಾಗಿದ್ನೇನೋ. ನೀವು ಬಂದ ಮ್ಯಾಲ ಗೊತ್ತಾತು."

"ನಾನು ಬ್ಯಾನಿ ಏನು?"

"ಮತ್ತೇನ್ರಿ? ಉಂಡಿದ್ದು ಸೇರವಲ್ದು."

ಲಲಿತಾಬಾಯಿಯ ಬೆರಳುಗಳು ಗಾಳಿಯಲ್ಲಿ ಏನೋ ಅಂದವು. ನೀಲಗಂಗಾಳ ಮುಖ ಗೊನೆಯ ಬಣ್ಣಕ್ಕೆ ಬಂತು.

"ಏನಂದ್ರು ಅಕ್ಕಾರು?"

"ಎಮ್ಮಿ ಬುಟ್ಟಿಗೆ ಕೈ ಹಾಕೋ ಮಾಸ್ತರ ಇನ್ನ ಯಾತಕ್ಕ ಕೈ ಹಾಕ್ತಾನ ಅಂತ ಕೇಳಿದ್ಲು."

ಅವರ ಪ್ರೀತಿ ಅಷ್ಟು ದೂರ ಬಂದಿತ್ತು. ಮುಂದೆ ಹೋಗಲು ದಾರಿ ಇರಲಿಲ್ಲ. ದಾರಿಗೆ ಅಡ್ಡ ಒಬ್ಬ ಸೋದರಮಾವ ನಿಂತಿದ್ದ.

ಅವನು ಮಲಕಾಜಪ್ಪ, ನೀಲಗಂಗಾಳ ಅವ್ವ ಶಂಕ್ರಮ್ಮನ ತಮ್ಮ. ಅಕ್ಕನ ಮಗಳು ಹುಟ್ಟಿದ ದಿನವೇ ಅವನ ಹೆಂಡತಿಯೂ ಹುಟ್ಟಿದಳೆಂಬುದು ಮನೆಯ ಲೆಕ್ಕ. ಶಂಕ್ರಮ್ಮನಿಗಾದರೂ ದೌಲಪ್ಪ ಗಂಡನಾಗುವ ಮೊದಲು ಸೋದರಮಾವನೇ. ಗಂಡನನ್ನು 'ಮಾವ' ಎಂದು ಕರೆದು, ನಾಲಗೆ ಕಚ್ಚಿಕೊಂಡು ಬಾಳಿದವಳು.

"ಅಕ್ಕ ಯಾಕ ಹಿಂಗ ಹುಟ್ಟಿದ್ಲು?" ಎಂದು ನೀಲಗಂಗಾ ಒಮ್ಮೆ ಮಾಸ್ತರನನ್ನು ಕೇಳಿದ್ದಳು. "ಅವ್ವ ಗ್ರಹಣದಾಗ ಹೊರಗ ಬಂದಿದ್ಲಂತ."

ಅವನು ಸುಳ್ಳು ಹೇಳಲಾರದೆ ಹೇಳಿದ. ತಪ್ಪಕ್ಷರ ರಕ್ತದಲ್ಲಿ ಅಡಗಿ ಕೂರುತ್ತದೆ. ಒಬ್ಬರಲ್ಲಿ ಮಾತ್ರ ಇದ್ದರೆ ಏನೂ ಕಾಣದು. ತಾಯಿ ತಂದೆ ಇಬ್ಬರಲ್ಲೂ ಅದೇ ತಪ್ಪಿದ್ದು, ಎರಡೂ ಮಗುವಿಗೆ ಬಂದರೆ ಕಿವಿ ಮುಚ್ಚುತ್ತದೆ. ಒಂದೇ ಮನೆತನದೊಳಗೆ ಕೊಟ್ಟು ತಂದರೆ ಆ ಎರಡು ತಪ್ಪು ಭೇಟಿಯಾಗುವುದು ಸುಲಭ.

"ನನ್ನೊಳಗೂ ಅಡಗಿರಬೌದು?"

"ಇರಬೌದು."

"ಮಾವನೊಳಗ?"

ಅವನು ಕಾಲುವೆಯ ನೀರು ನೋಡುತ್ತ, ಇರಬಹುದೆಂದು ತಲೆ ಹಾಕಿದ.

ದೀಪಾವಳಿ ಕಳೆದ ಮೇಲೆ ತೋಟಕ್ಕೆ ಬ್ಯಾನಿ ಬಂತು. ಅಂಚಿನ ಎಲೆ ಹಳದಿಯಾಗಿ, ಮುರಿದು, ಲಂಗದ ಹಾಗೆ ದಿಂಡಿನ ಸುತ್ತ ಇಳಿಬಿತ್ತು. ದಿಂಡು ಕಡಿದರೆ ಒಳಗೆ ಕಂದುಗೆಂಪು ಉಂಗುರಗಳು. ದೌಲಪ್ಪ ಬೂದಿ ಹಾಕಿದ, ಶರಣಬಸಪ್ಪನಿಗೆ ಹರಕೆ ಹೊತ್ತ, ದರ್ಗಾದ ತಾಯಿತ ತಂದು ಕಟ್ಟಿದ. ರೋಗಕ್ಕೆ ಯಾವ ದೇವರ ಮೇಲೂ ದ್ವೇಷವಿರಲಿಲ್ಲ. ಒಂದು ಗಿಡವನ್ನು ಕೊಲ್ಲುವುದು ಹೇಗೆಂದು ಅದಕ್ಕೆ ಗೊತ್ತಾಗಿತ್ತು. ಉಳಿದವೆಲ್ಲ ಅದೇ ಗಿಡವಾಗಿದ್ದವು.

ಆಗ ಬಂದ ಮಲಕಾಜಪ್ಪ. "ನನ್ನದು ಹೊಸ ಮಣ್ಣು, ಬಾವಿ ತುಂಬ ನೀರು. ನಿಮ್ಮ ಕಂದು ಅಲ್ಲಿ ಹಚ್ಚೋಣು. ನೀಲಾನ್ನ ಕೊಡ್ರಿ. ಗಿಡಾನೂ ಉಳಿತಾವ, ಸಂಬಂಧಾನೂ ಉಳಿತದ."

ಲಗ್ನ ನಿಶ್ಚಯವಾಯಿತು. ಶಿವರಾತ್ರಿಯ ನಂತರ.

ಸುದ್ದಿ ಕೇಳಿ ಅಣವೀರಪ್ಪ ಬಂದ ಭಾನುವಾರ ಹೆಂಗಸರು ಮನೆಯಲ್ಲಿರಲಿಲ್ಲ. ಲಗ್ನದ ಸೀರೆಗೆಂದು ಶಂಕ್ರಮ್ಮ ಮಕ್ಕಳಿಬ್ಬರನ್ನೂ ಕರೆದುಕೊಂಡು ತವರಿಗೆ ಹೋಗಿದ್ದಳು. ಸತ್ತ ತೋಟದಲ್ಲಿ ಗಂಡಸರಿಬ್ಬರೇ ನಡೆದರು. ಬಾವಿಯ ಕೆಳಗಿನ ಮೂಲೆಗೆ ಬಂದಾಗ ಮಾಸ್ತರ ನಿಂತುಬಿಟ್ಟ.

ಸುತ್ತ ಎಲ್ಲ ಸತ್ತಿತ್ತು. ನಡುವೆ ಒಂದು ಕಂದು ಆಳೆತ್ತರ ನಿಂತಿತ್ತು. ಕೆಂಪಲ್ಲ, ಹಸಿರು. ಎಲೆ ಒಂದೂ ಬಾಗಿರಲಿಲ್ಲ.

"ಜಾತಿಗೆಟ್ಟದ್ದು," ಎಂದ ದೌಲಪ್ಪ. "ಮೊದಲಾಗಿದ್ರ ಹುಟ್ಟಿದ ಕೂಡ್ಲೇ ಕಡೀತಿದ್ವಿ. ಈ ಗದ್ದಲದಾಗ ಉಳದದ."

"ಕಾಕಾ, ಇದನ್ನ ನೋಡ್ರಿ. ಅದೇ ಮಣ್ಣು, ಅದೇ ಬ್ಯಾನಿ. ಇದಕ್ಕ ಏನೂ ಆಗಿಲ್ಲ!"

"ಹಸಿರು ಬಣ್ಣ ಕಾಯ್ತದೇನು?"

"ಬಣ್ಣ ಕಾಯೂದಿಲ್ಲ. ಬಣ್ಣದ ಸಂಗಾಟ ಒಳಗ ಇನ್ನೇನೋ ಬದಲಾಗಿರಬೇಕು. ನನಗೂ ಪಕ್ಕಾ ಗೊತ್ತಿಲ್ಲ, ಬರೇ ನಸೀಬ ಇದ್ರೂ ಇರಬೌದು. ಆದ್ರ ಇದು ತಾಳಿದ್ರ, ಇದರ ಕಂದಿನಿಂದ ಇದೇ ಮಣ್ಣಾಗ ಮತ್ತ ತ್ವಾಟ ಎಬ್ಬಸಬೌದು. ಯಾರ ಹೊಲಾನೂ ಬೇಕಾಗೂದಿಲ್ಲ." ಹಸಿರು ದಿಂಡಿನ ಮೇಲೆ ಕೈಯಿಟ್ಟ. "ನೀಲಾನ್ನ ಹೊಲಕ್ಕಂತ ಕೊಡೂದೂ ಬೇಕಾಗೂದಿಲ್ಲ."

ದೌಲಪ್ಪ ಅವನ ಮುಖವನ್ನು ಬಹಳ ಹೊತ್ತು ನೋಡಿದ. ತೋಟಕ್ಕೆ ಬರುವ ಮಾಸ್ತರ ಏನು ನೋಡುತ್ತಾನೆಂದು ಆಗ ನೋಡಿದ.

"ಆತು, ಮಾಸ್ತರ. ಶಿವರಾತ್ರಿ ತನಕ ಇದು ನಿಂತ್ರ ಲಗ್ನ ನಿಲ್ಲಸ್ತೀನಿ. ಆಮ್ಯಾಲ ನೀವು ಕೇಳೋದು ಕೇಳ್ರಿ."

ಬಸ್ಸಿನ ಹೊತ್ತಾಗಿತ್ತು. ದೌಲಪ್ಪ ಎತ್ತು ಬಿಚ್ಚಲು ಮುಂದೆ ಹೋದ. ಅಣವೀರಪ್ಪ ಹಿಂದೆ ಉಳಿದ. ಯಾರೂ ಮುಟ್ಟದಿರಲಿ ಎಂದು ತನ್ನ ಧೋತರದ ಅಂಚು ಹರಿದು, ಹಸಿರು ದಿಂಡಿಗೆ ಗಂಟು ಹಾಕಿದ. ಹೈದರಾಬಾದಿನ ಕಾಲೇಜಿನಲ್ಲಿ ಅವನು ಹಾಗೇ ಕಲಿತಿದ್ದ. ಯಾವ ಗಿಡ ಬೇಕೋ ಅದಕ್ಕೆ ಗುರುತು ಕಟ್ಟಬೇಕು.

ಕಮಲಾಪುರದ ತೋಟಗಳಲ್ಲಿ ಅರಿವೆ ಕಟ್ಟುವುದು ಬೇಡವಾದ ಗಿಡಕ್ಕೆ. ಸಂಜೆ ಯಜಮಾನ ಸುತ್ತು ಹಾಕಿ, ಬಣ್ಣಗೆಟ್ಟದ್ದಕ್ಕೆ, ಬ್ಯಾನಿ ಬಿದ್ದದ್ದಕ್ಕೆ ಹಳೇ ಧೋತರದ ಚೂರು ಕಟ್ಟಿ ಹೋಗುತ್ತಾನೆ. ಬೆಳಿಗ್ಗೆ ಮನೆಯ ಹೆಂಗಸರು ಬಂದು, ಕಟ್ಟಿದ್ದನ್ನೆಲ್ಲ ಬುಡಸಮೇತ ಕಡಿದು, ಗಡ್ಡೆಯ ನಡುವೆ ಚಿಮಣಿ ಎಣ್ಣೆ ಸುರಿಯುತ್ತಾರೆ, ಮತ್ತೆ ಚಿಗುರದ ಹಾಗೆ. ಮಾಸ್ತರ ಬರುತ್ತಿದ್ದದ್ದು ಹಗಲು ಹೊತ್ತಿಗೆ. ಕಟ್ಟುವುದನ್ನೂ ಕಂಡಿರಲಿಲ್ಲ, ಕಡಿಯುವುದನ್ನೂ ಕಂಡಿರಲಿಲ್ಲ. ಅವನ ಕಾಲೇಜಿನಲ್ಲಿ ಉಳಿಸುವ ಗಂಟು, ಇವರ ಊರಿನಲ್ಲಿ ಅಳಿಸುವ ಗಂಟು.

ಹೆಂಗಸರು ತವರಿನಿಂದ ಬಂದರು. ದೌಲಪ್ಪ ಹಸಿರು ಕಂದಿನ ಮಾತು ಮನೆಯಲ್ಲಿ ಎತ್ತಲಿಲ್ಲ. ಹುಡುಗಿಯ ಲಗ್ನದ ವಿಷಯ ಹುಡುಗಿಗೆ ಯಾಕೆ? ಹೀಗಾಗಿ ನೀಲಗಂಗಾಳ ಬದುಕು ಯಾವ ಗಿಡಕ್ಕೆ ತೂಗಿದೆಯೆಂದು ಗೊತ್ತಿರದಿದ್ದವಳು ನೀಲಗಂಗಾ.

ಮರುದಿನ ಬೆಳಿಗ್ಗೆ ಅಕ್ಕತಂಗಿಯರು ಕುಡಗೋಲು ಹಿಡಿದು ಬಂದರು. ಬಾವಿಯ ಮೂಲೆಯಲ್ಲಿ ನೀಲಗಂಗಾ ಆ ಹಸಿರು ಕಂದನ್ನು ಕಂಡಳು. ಕೊರಳಿಗೆ ಬಿಳಿ ಧೋತರದ ಚೂರು.

ಅವಳ ಕೈ ತಡೆಯಿತು. ಇಷ್ಟು ಸಾವಿನ ನಡುವೆ ಇದು ಹೇಗೆ ಉಳಿಯಿತು? ಮಾಸ್ತರರಿಗೆ ತೋರಿಸಬೇಕಿತ್ತು. ಅಪ್ಪನನ್ನು ಕೇಳೋಣವೆಂದರೆ ಅಪ್ಪ ಬೀಗರಿಗೆ ಹೇಳಿಕೆ ಕೊಡಲು ಹೊತ್ತು ಮೂಡುವ ಮೊದಲೇ ಹೋಗಿದ್ದ. ಅಪ್ಪ ಕಟ್ಟಿದ್ದನ್ನು ಬಿಚ್ಚಿದವರು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಲಲಿತಾಬಾಯಿ ಎರಡೂ ಕೈ ಅಡ್ಡ ಆಡಿಸಿ ಬೇಡ ಅಂದಳು.

"ಅಪ್ಪ ಬಯ್ತಾನ, ಅಕ್ಕಾ," ಎಂದು ನೀಲಗಂಗಾ ಕೈಯಲ್ಲೇ ಹೇಳಿ, ಕುಡಗೋಲು ಬೀಸಿದಳು.

ಒಳಗೆ ಕಂದುಗೆಂಪು ಉಂಗುರ ಇರಲಿಲ್ಲ. ಬೆಳ್ಳಗೆ, ಹಾಲಿನ ಹಾಗೆ ಇತ್ತು. ಅವಳು ಗಡ್ಡೆ ಕೆತ್ತಿ ಚಿಮಣಿ ಎಣ್ಣೆ ಸುರಿದಳು. ಕೆಲಸದಲ್ಲಿ ಅವಳು ಅಚ್ಚುಕಟ್ಟು.

ಮುಂದಿನ ಭಾನುವಾರ ಅಣವೀರಪ್ಪ ಬಸ್ಸಿಳಿದು ಓಡುತ್ತಲೇ ಬಂದ. ಮೂಲೆಯಲ್ಲಿ ಒಂದು ಕರಿ ಗುಂಡಿ ಇತ್ತು. ನೀಲಗಂಗಾ ನಗುತ್ತ ಬಂದಳು.

"ಏನ್ರಿ, ಗಿಡ ಬಿಟ್ಟು ಗುಂಡಿ ಅಭ್ಯಾಸ ಮಾಡ್ಲಾಕತ್ತೀರಿ?"

"ಇಲ್ಲೊಂದು ಹಸಿರು ಕಂದು ಇತ್ತು."

"ಇತ್ತು. ನಿಮಗ ತೋರಸಬೇಕಂತ ಭಾಳ ಅನಸ್ತು. ಅಪ್ಪ ಅರಿವಿ ಕಟ್ಟಿದ್ದ, ಕಡದೆ."

"ಅಪ್ಪ ಅಲ್ಲ," ಎಂದ ಅವನು. "ನಾನು."

ಅವನು ಹೇಳಿ ಮುಗಿಸುವವರೆಗೆ ಅವಳ ನಗು ಮುಖದ ಮೇಲೇ ಇತ್ತು, ಇಳಿಯುವ ದಾರಿ ಮರೆತವರ ಹಾಗೆ. ಆಮೇಲೆ ಅವಳು ಗುಂಡಿಯ ಅಂಚಿಗೆ ಕೂತು ತನ್ನ ಎರಡೂ ಅಂಗೈ ನೋಡಿಕೊಂಡಳು.

"ಹುಚ್ಚ," ಅಂದಳು ಮೆಲ್ಲಗೆ. "ಹುಚ್ಚ ಮಾಸ್ತರ. ಒಂದು ಮಾತು ಕೇಳಬಾರದಾಗಿತ್ತೇನ್ರಿ ಯಾರಿಗಾದ್ರೂ?"

"ನೀನು ಒಂದು ದಿನ ತಡೀಬಾರದಾಗಿತ್ತಾ?"

ಮೊದಲ ಸಲ ಅವನು ಅವಳನ್ನು ನೀನು ಅಂದಿದ್ದ. ಇಬ್ಬರಿಗೂ ಕೇಳಿಸಿತು. ಬೇರೆ ದಿನವಾಗಿದ್ದರೆ ಅದೊಂದೇ ಮಾತು ಸಾಕಾಗುತ್ತಿತ್ತು, ವಾರವಿಡೀ ಬಾಯಲ್ಲಿಟ್ಟುಕೊಂಡು ಚೀಪಲು.

ದೌಲಪ್ಪನಿಗೂ ಹೇಳಿದರು. ಅವನು ಸಿಟ್ಟಾಗಲಿಲ್ಲ. ಅದೇ ಕೆಟ್ಟದ್ದು. "ಗಿಡ ನಿಂತ್ರ ಅಂತ ಮಾತು ಕೊಟ್ಟಿದ್ದೆ," ಎಂದ. "ಗಿಡ ಎಲ್ಲದ, ಮಾಸ್ತರ?"

ಶಿವರಾತ್ರಿ ಬಂತು, ಹೋಯಿತು. ಓಟಿನ ಗದ್ದಲವೂ ಊರು ದಾಟಿ ಹೋಯಿತು. ಲಗ್ನದ ಹಿಂದಿನ ದಿನ ಅಣವೀರಪ್ಪ ಕೊನೆಯ ಸಲ ಕಮಲಾಪುರಕ್ಕೆ ಬಂದ. ಬಾವಿಯ ಹತ್ತಿರ ಬಂಡಿ ನಿಂತಿತ್ತು. ಇನ್ನೂ ಹಳದಿಯಾಗದ ಕೆಂಪು ಕಂದುಗಳನ್ನು ಕಿತ್ತು ರಾಶಿ ಹಾಕಿದ್ದರು, ಮದುಮಗಳ ಜೊತೆ ಮಲಕಾಜಪ್ಪನ ಹೊಲಕ್ಕೆ ಹೋಗಲು. ನೀಲಗಂಗಾ ಅರಿಸಿನ ಮೈಯಲ್ಲಿ ನಿಂತು ಅವನ್ನು ಬಂಡಿಗೆ ಏರಿಸುತ್ತಿದ್ದಳು.

"ಕಲಬುರ್ಗಿಗೆ ಬಾ," ಎಂದ. "ಈಗ, ಈ ಬಸ್ಸಿಗೆ. ಕೋರ್ಟಿನಾಗ ಲಗ್ನ ಆಗೋಣು. ನಿನ್ನ ಬಿಟ್ಟು ನನಗ ಆಗೂದಿಲ್ಲ, ನೀಲಾ."

"ಇಷ್ಟು ಹೇಳಾಕ ಇಷ್ಟು ಭಾನುವಾರ ಬೇಕಾದ್ವೇನ್ರಿ?" ಅವಳ ಕಣ್ಣು ತುಂಬಿತು. "ನಾನೂ ಅಷ್ಟ. ಬುಟ್ಟಿಗೆ ಕೈ ಹಾಕಿದ ದಿನದಿಂದ."

"ಮತ್ತ ಬಾ."

"ನಾ ಬಂದ್ರ ನಾಳೆ ಹಂದರದಾಗ ಅಕ್ಕನ್ನ ಕೂಡಸ್ತಾರ. ಮಾತು ಕೊಟ್ಟ ಮನಿ, ಒಬ್ಬಾಕಿ ಇಲ್ಲಂದ್ರ ಇನ್ನೊಬ್ಬಾಕಿ. ಒಲ್ಲೆ ಅಂತ ಅಕಿ ಕೈಲೇ ಹೇಳ್ತಾಳ. ಅಕಿ ಕೈ ನೋಡೋರು ಅಲ್ಲಿ ಯಾರದಾರ?"

ಅವನು ರಾಶಿಯ ಹತ್ತಿರ ಬಾಗಿ ಒಂದು ಕಂದಿನ ಬೇರು ಮುಟ್ಟಿ ನೋಡಿದ.

"ಬ್ಯಾನಿ ಈ ಬೇರಿನ ಸಂಗಾಟ ಹೋಗ್ತದ, ನೀಲಾ. ಆ ಹೊಸ ಹೊಲಾನೂ ಹಿಂಗ ಆಗ್ತದ."

"ಹೇಳಿದೆ. ಮಾವ ನಕ್ಕ. ಹೆಂಡ್ತಿ ಶಾಣ್ಯಾಕಿ ಸಿಕ್ಕಾಳ ಅಂದ."

ದೂರದಲ್ಲಿ ಹೆಂಗಸರ ಹಾಡು ಶುರುವಾಯಿತು. ಅವಳು ಒಂದು ಕಂದನ್ನು ಎತ್ತಿ ಎದೆಗಾನಿಸಿ ನಿಂತಳು.

"ಒಂದು ಕೇಳ್ತೀನಿ, ಹೇಳ್ರಿ. ನನ್ನ ಕೂಸುಗೋಳು ಮಾತಾಡ್ತಾವೇನ್ರಿ?"

ಅವನಿಗೆ ಉತ್ತರ ಗೊತ್ತಿತ್ತು. ಅದಕ್ಕೆ ಉತ್ತರವಿಲ್ಲ ಎನ್ನುವುದೇ ಆ ಉತ್ತರ. ಪ್ರತಿ ಕೂಸಿಗೂ ಹೊಸದಾಗಿ ಚೀಟಿ ಎತ್ತುತ್ತಾರೆ, ಎತ್ತುವ ಕೈಗೆ ಕಣ್ಣಿಲ್ಲ. 'ಖಂಡಿತ' ಎಂದು ಬರೆದ ವಿದ್ಯಾರ್ಥಿಗೆ ಸೊನ್ನೆ ಹಾಕುತ್ತಿದ್ದ ಮಾಸ್ತರ ಅವನು.

"ಖಂಡಿತ ಮಾತಾಡ್ತಾವ," ಎಂದ. "ನಿನಗಿಂತ ಜಾಸ್ತಿ ಮಾತಾಡ್ತಾವ. ಸಾಕು ಸುಮ್ಕಿರ್ರಿ ಅಂತ ನೀನ ಬಯ್ತಿ."

ಅವಳು ಅವನನ್ನು ನೋಡಿದಳು, ಮೊದಲ ದಿನದ ಹಾಗಲ್ಲ, ಮುಂದೆ ನೋಡಲಿಕ್ಕಿಲ್ಲದವರು ನೋಡುವ ಹಾಗೆ.

"ಭಾಳ ಛಂದ ಸುಳ್ಳು ಹೇಳ್ತೀರಿ," ಅಂದಳು. "ಮೊದಲೇ ಕಲತಿದ್ರ ಅಪ್ಪನ ಮುಂದ ಒಂದು ಹೇಳಿ ನನ್ನ ಕರಕೊಂಡು ಹೋಗಬೌದಿತ್ತು."

ಅವನು ಅಂಗಿಯ ತೋಳು ಮಡಚಿ ಬಾವಿಗೆ ಕೊಡ ಇಳಿಸಿದ. ಒಂದೊಂದೇ ಕಂದನ್ನು ಎತ್ತಿ, ಬೇರಿನ ಕೆಂಪು ಮಣ್ಣನ್ನು ಉಗುರಿನಿಂದ ಬಿಡಿಸಿ ತೊಳೆದ. ಬ್ಯಾನಿ ಬೇರಿನ ಒಳಗಿರುತ್ತದೆ, ತೊಳೆದರೆ ಹೋಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವಳಿಗೂ ಅವನೇ ಕಲಿಸಿದ್ದ. ಅವನು ತೊಳೆದು ಕೊಟ್ಟ, ಅವಳು ಇಸಿದುಕೊಂಡು ಬಂಡಿಯಲ್ಲಿ ಸಾಲಾಗಿ ಮಲಗಿಸಿದಳು. ಬಂಡಿ ತುಂಬಿತು.

ಅವರಿಬ್ಬರೂ ಕೂಡಿ ಮಾಡಿದ ಸಂಸಾರ ಅಷ್ಟೇ.